ಐವತ್ತು ನಿಮಿಷ

ಸೋಫಾದ ತುದಿಯಲ್ಲಿ ಕೂತು ಬಿಕ್ಕುತ್ತಿದ್ದ ದರ್ಜಿಯ ಕಡೆಗೆ ಅವಳು ಟಿಶ್ಯೂ ಡಬ್ಬಿಯನ್ನು ಎರಡೇ ಬೆರಳಲ್ಲಿ ತಳ್ಳಿದಳು. ಥೇಟ್ ಗಂಡನ ಹಾಗೆ. ಬೆಳಗಿನಿಂದ ಇದು ಮೂರನೇ ಡಬ್ಬಿ.

ಗಂಡ ಪಕ್ಕದ ಮಂಚದ ಮೇಲೆ ಎದೆಯವರೆಗೆ ಬಿಳಿ ಹೊದ್ದು ಮಲಗಿದ್ದ. ಇಪ್ಪತ್ತೆರಡು ವರ್ಷ ಊರವರ ದುಃಖವನ್ನೆಲ್ಲ ಕೇಳಿದ ಆಪ್ತ ಸಮಾಲೋಚಕ. ಹಾಲ್ ಇಕ್ಕಟ್ಟೆಂದು ಅವನನ್ನು ಅವನ ಕೆಲಸದ ಕೋಣೆಯಲ್ಲೇ ಮಲಗಿಸಿದ್ದರು. ಅದೇ ಎಡವಟ್ಟಾಗಿತ್ತು. ಕೊನೆಯ ದರ್ಶನಕ್ಕೆ ಬಂದವರು ಅಭ್ಯಾಸಬಲದಿಂದ ಸೋಫಾದಲ್ಲಿ ಕೂತು, ತಂತಮ್ಮ ಹಳೆಯ ಗೋಳನ್ನು ಮೊದಲಿನಿಂದ ಶುರುಮಾಡುತ್ತಿದ್ದರು.

ಇಷ್ಟಾದರೂ ಅತ್ತಿಗೆ ಅತ್ತಿಲ್ಲವೆಂಬ ಸುದ್ದಿಯನ್ನು ನಾದಿನಿ ಅಡುಗೆಮನೆಯಿಂದ ಗೇಟಿನವರೆಗೆ ಮುಟ್ಟಿಸಿದ್ದಳು.

ದರ್ಜಿ ಮೂಗೊರೆಸಿಕೊಂಡ. "ನನ್ನ ಹೆಂಡ್ತಿ ಹೋದಾಗ ಸಾರ್ ಒಬ್ರು ನರ್ಸಮ್ಮನ ಕತೆ ಹೇಳಿದ್ರು ಮೇಡಂ. ಫೋನಲ್ಲೇ ಮಾತಾಡ್ತಿದ್ರಂತೆ. ಮಗಳು ತೀರಿಹೋಗಿದ್ರೂ ದಿನಾ ಸ್ಕೂಲ್ ವ್ಯಾನ್ ಬರೋ ಹೊತ್ತಿಗೆ ಗೇಟ್ ಹತ್ರ ಹೋಗಿ ನಿಲ್ತಿದ್ರಂತೆ."

ಅವಳ ಬೆರಳು ಡಬ್ಬಿಯ ಮೇಲೇ ನಿಂತಿತು.

"ಗಂಡ ಇದ್ದನಂತೆ, ಬಂಡೆಯಂಥೋನು. ಒಂದಿನ ಕೂತು ಕೇಳಿಲ್ಲ. ಸಾರ್‌ಗೆ ಎಷ್ಟು ಸಿಟ್ಟಿತ್ತು ಗೊತ್ತಾ? ಅಂಥೋನನ್ನ ಅಲ್ಲಾಡದ ಹಾಗೆ ಮಾಡಿ ಪೂರ್ತಿ ಕೇಳಿಸ್ಬೇಕು ಅಂದ್ರು."

"ಹಾಗಂದ್ರಾ?" ಎಂದಳು. ನಗು ಗಂಟಲವರೆಗೆ ಬಂದಿತ್ತು.

*

ಆರು ವರ್ಷದ ಹಿಂದೆ ಮಗಳು ಮೂರು ದಿನದ ಜ್ವರದಲ್ಲಿ ಹೋದಳು. ಎರಡನೇ ವಾರ ಊಟದ ಮೇಜಿನಲ್ಲಿ ಆ ನೋವು ಹೇಳಿಕೊಳ್ಳಲು ಅವಳು ಬಾಯಿ ತೆರೆದಾಗ, ಅವನು ಜೇಬಿನಿಂದ ಬೇರೊಬ್ಬ ಸಮಾಲೋಚಕಿಯ ಕಾರ್ಡು ತೆಗೆದು, ಎರಡು ಬೆರಳಲ್ಲಿ ಅವಳ ಕಡೆ ತಳ್ಳಿದ.

"ನನ್ನವರನ್ನ ನಾನೇ ನೋಡಬಾರದು ಕಣೇ. ನಮ್ಮ ವೃತ್ತಿಯ ನಿಯಮ."

ಅವಳು ಶಾಲೆಯ ಟೀಚರ್. ಹೆಡ್‌ಮಾಸ್ಟರಿಂದ ಹಿಡಿದು ಗಂಟೆ ಬಾರಿಸುವವನವರೆಗೆ ಎಲ್ಲರ ದನಿಯೂ ಅವಳ ಗಂಟಲಲ್ಲಿತ್ತು. ಒಂದು ಗುರುವಾರ ಮಹಡಿಯ ಕೋಣೆಯ ಬಾಗಿಲು ಹಾಕಿಕೊಂಡು, ಹೊಸ ನಂಬರಿನಿಂದ ಕೆಳಗಿನ ಕೋಣೆಗೆ ಫೋನ್ ಮಾಡಿದಳು. ಗೊಗ್ಗರು ದನಿ, ನಡುನಡುವೆ ಕೆಮ್ಮು. ಕೆಲಸ ಬಿಟ್ಟ ನರ್ಸು, ಒಬ್ಬಳೇ ಮಗಳು ಹೋದಳು.

ಅವನು ಕೇಳಿದ. ಪೂರಾ ಐವತ್ತು ನಿಮಿಷ, ಬಂದವರಿಗೆಲ್ಲ ಅವನು ಕೊಡುತ್ತಿದ್ದಷ್ಟೇ. "ಹೇಳಿ ಅಮ್ಮಾ, ನಾನಿದೀನಿ" ಎನ್ನುವಾಗಿನ ಆ ಮೆತ್ತನೆಯ ದನಿಯನ್ನು ಅವಳು ಮನೆಯಲ್ಲಿ ಕೇಳಿರಲೇ ಇಲ್ಲ. ಗೇಟಿನ ಬಳಿ ನಿಲ್ಲುವುದನ್ನೂ ಹೇಳಿಕೊಂಡಳು. ಅದೇ ಗೇಟಿನ ಎದುರಿನ ಕಿಟಕಿಯಲ್ಲಿ ಅವನು ದಿನಾ ಕೂರುತ್ತಿದ್ದ.

ನಿಮ್ಮ ಯಜಮಾನರು ಕೇಳಲ್ವಾ ಎಂದ. ಅವರಿಗೆ ಪುರುಸೊತ್ತಿಲ್ಲ ಸಾರ್ ಎಂದಳು.

"ಎಂಥೆಂಥ ಗಂಡಂದಿರಿರ್ತಾರಪ್ಪಾ," ಎಂದು ನಿಟ್ಟುಸಿರು ಬಿಟ್ಟ. ಆಮೇಲೆ ಊಟಕ್ಕೆ ಬಂದು ಉಪ್ಪು ಕಡಿಮೆ ಎಂದ.

ಹೀಗೆ ಹನ್ನೊಂದು ಗುರುವಾರ. ಮತ್ತೆ ಮಾಡಲಿಲ್ಲ. ಎಂದಾದರೂ ತುಂಬಿದ ಸಭೆಯಲ್ಲಿ, ಅವನು ಶಾಲು ಹೊದ್ದು ಕೂತಿರುವಾಗ, ಆ ದನಿ ತೆಗೆದು ಅವನ ಮುಖ ನೋಡಬೇಕೆಂದು ಗುಟ್ಟನ್ನು ಜೋಪಾನ ಮಾಡಿದಳು. ನಿನ್ನೆ ರಾತ್ರಿ ಬಚ್ಚಲಲ್ಲಿ ಎದೆ ಹಿಡಿದುಕೊಂಡು ಬಿದ್ದವನು ಅದರಿಂದಲೂ ಜಾರಿಕೊಂಡ.

*

ಸ್ಮಶಾನಕ್ಕೆ ಒಯ್ಯುವ ವ್ಯಾನಿನವನು ಮೂರಕ್ಕೆ ಹೊರಡಬೇಕಂತೆ ಎಂದು ನಾದಿನಿ ಬಂದು ಹೇಳಿದಳು. ಗಡಿಯಾರದಲ್ಲಿ ಎರಡೂ ಹತ್ತು.

ಅವಳು ಎಲ್ಲರನ್ನೂ ಹೊರಗೆ ಕಳಿಸಲು ಹೇಳಿದಳು. ನಾದಿನಿಯ ಮುಖ ಅರಳಿತು. "ಅತ್ತುಬಿಡಿ ಅತ್ತಿಗೆ, ಹಗುರಾಗುತ್ತೆ."

"ಅಳೋ ಸರದಿ ನಂದಲ್ಲ. ನಿಮ್ಮಣ್ಣನ ನಿಯಮ ಗೊತ್ತಲ್ಲ? ಈ ಬಾಗಿಲು ಹಾಕಿದ್ಮೇಲೆ ಯಾರೂ ತಟ್ಟೋ ಹಾಗಿಲ್ಲ."

ಚಿಲಕ ಹಾಕಿದಳು. ಅವನ ಕುರ್ಚಿಯನ್ನು ಮಂಚದ ಪಕ್ಕಕ್ಕೆ ಎಳೆದಳು. ಬಂದವರಿಗೆ ಕಾಣದಂತೆ ಅವನು ಯಾವಾಗಲೂ ತನ್ನ ಕುರ್ಚಿಯ ಕಡೆಗೇ ತಿರುಗಿಸಿಡುತ್ತಿದ್ದ ಮೇಜಿನ ಗಡಿಯಾರವನ್ನು ಈಗ ಅವಳು ತನ್ನ ಕಡೆಗೆ ತಿರುಗಿಸಿಕೊಂಡಳು. ಗಂಟಲು ಸರಿಮಾಡಿಕೊಂಡು ಕೆಮ್ಮಿದಳು.

"ನಮಸ್ಕಾರ ಸಾರ್. ಗುರುವಾರದ ನರ್ಸು."

ಅವನು ಅಲ್ಲಾಡಲಿಲ್ಲ.

"ಈಗ ಗುರುತು ಸಿಕ್ತಾ?" ಇದು ಅವಳದೇ ದನಿ. "ಜ್ವರ ಏರಿದ ಮಧ್ಯಾಹ್ನ ಈ ಬಾಗಿಲನ್ನ ಎರಡು ಸಲ ತಟ್ಟಿದ್ದೆ ಕಣ್ರೀ. ಅಲ್ಲಿಂದ ಶುರುಮಾಡ್ತೀನಿ."

ಹೊರಗೆ ವ್ಯಾನಿನ ಹಾರ್ನ್ ಆದಾಗ ಅವಳಿನ್ನೂ ಎರಡನೇ ದಿನದ ಜ್ವರದಲ್ಲಿದ್ದಳು. ಯಾರೋ ಬಾಗಿಲು ತಟ್ಟಿದರು, ಎರಡು ಸಲ. ಅವಳು ತಲೆಯೆತ್ತಲಿಲ್ಲ. ಮಾತಾಡುತ್ತಲೇ ಟಿಶ್ಯೂ ಡಬ್ಬಿಯನ್ನು ಬಿಳಿ ಹೊದಿಕೆಯ ಮೇಲೆ ಎರಡೇ ಬೆರಳಲ್ಲಿ, ಅವನ ಕೈ ತಾಕುವವರೆಗೆ ತಳ್ಳಿದಳು.