ಅವಕಾಶ ಇದೆ

ಊರು ಹುಡುಕುತ್ತಿದ್ದುದು ನನ್ನ ಓದಿಗೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಮನೆಯ ತಿಣ್ಣೆಯ, ಅಂದರೆ ಜಗಲಿಯ ಮೇಲೆ ಮೂರು ವಾರ ಕೂತು ಮಾತಾಡಿದ ಗಂಡಸರಲ್ಲಿ ಒಬ್ಬರಿಗೂ ಅದು ನೆನಪಿರಲಿಲ್ಲ.

ಅದು ಐವತ್ತನಾಲ್ಕನೇ ಇಸವಿ. ಅಪ್ಪ ವ್ಯಾಸರಾಯರು ಉಡುಮಲೈಪೇಟೆಯ ತಾಲ್ಲೂಕು ಕಚೇರಿಯಿಂದ ಆಗಷ್ಟೇ ರಿಟೈರ್ ಆಗಿದ್ದರು. ನಾನು ಎಸ್.ಎಸ್.ಎಲ್.ಸಿ.ಯಲ್ಲಿ ಶಾಲೆಗೇ ಮೊದಲಿಗಳಾಗಿ ಪಾಸಾಗಿದ್ದೆ. ನಮ್ಮೂರಿನಲ್ಲಿ ಕಾಲೇಜಿರಲಿಲ್ಲ. “ಭಾಮಾಗೆ ಯಾವೂರಲ್ಲಿ ಕಾಲೇಜೋ, ನಮಗೆಲ್ಲಾ ಅದೇ ಊರು” ಎಂದು ಅಪ್ಪ ನಾಲ್ಕು ಜನರೆದುರು ಹೇಳಿದಾಗ ನಾನು ಹಿಗ್ಗಿ ಹೀರೇಕಾಯಿಯಾದೆ.

ಆಮೇಲೆ ಊರುಗಳ ಪರೀಕ್ಷೆ ಶುರುವಾಯಿತು. ಅಪ್ಪ, ಅಪ್ಪನ ಅಣ್ಣ ರಾಘವೇಂದ್ರ ದೊಡ್ಡಪ್ಪ, ಪಕ್ಕದ ಮನೆಯ ಹತ್ತಿ ವ್ಯಾಪಾರಿ ಮಯಿಲ್‌ಸಾಮಿ, ಈ ಮೂವರೂ ಹೆಣ್ಣಿಗೆ ಗಂಡು ನೋಡಿದ ಹಾಗೆ ಊರು ನೋಡಿದರು. ಮದರಾಸಿನ ನೀರು ಉಪ್ಪು. ತಿರುಚ್ಚಿಯ ಬಿಸಿಲಿಗೆ ದೊಡ್ಡಪ್ಪನ ತಲೆ ತಿರುಗುತ್ತದೆ. ಕೋಯಮತ್ತೂರಿನಲ್ಲಿ ಸಿರುವಾಣಿ ನೀರೇನೋ ಸಿಹಿ, ಆದರೆ ಮಿಲ್ಲಿನ ಸಂಗು, ಅದೇ ಸೈರನ್, ಊದಿ ಮಧ್ಯಾಹ್ನದ ನಿದ್ದೆ ಕೆಡುತ್ತದೆ. ಯಾರ ನಿದ್ದೆ? ನಾನು ಕಾಲೇಜಿಗೆ ನಿದ್ದೆ ಮಾಡಲು ಹೋಗುತ್ತಿದ್ದೆನೆ? ನನಗೆ ಬೇಕಿದ್ದುದು ಸೈನ್ಸ್. ಯಾವ ಊರಿನಲ್ಲಿ ಹುಡುಗಿಯರಿಗೆ ಸೈನ್ಸ್ ಇದೆ ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ.

ಅಪ್ಪನ ಮನಸ್ಸು ಮೈಸೂರಿನ ಮೇಲಿತ್ತು. “ಅಲ್ಲಿ ರೋಡಲ್ಲೂ ನಮ್ಮ ಮಾತೇ ಆಡ್ತಾರೆ” ಎನ್ನುವಾಗ ಅವರ ಕಣ್ಣು ಹೊಳೆಯುತ್ತಿತ್ತು. ಮೈಸೂರಿನಲ್ಲಿ ಅವರ ಚಿಕ್ಕಪ್ಪನ ಮಗ ರಾಮಚಂದ್ರ ಇದ್ದ. ಅವನಿಗೆ ಇಂಗ್ಲಿಷಿನಲ್ಲಿ ಕಾಗದ ಬರೆದು, ಕೊನೆಯಲ್ಲಿ, ಉತ್ತರವನ್ನು ಕನ್ನಡದಲ್ಲೇ ಬರಿ ಎಂದು ಸೇರಿಸಿದರು. ನಮ್ಮ ಮನೆಯಲ್ಲಿ ಕನ್ನಡ ಆಡುತ್ತಿದ್ದೆವೇ ಹೊರತು ಒಬ್ಬರಿಗೂ ಓದಲು ಬರುತ್ತಿರಲಿಲ್ಲ! ಅಭಿಮಾನ ಎಂದರೆ ಇದು.

ಕಾರ್ಡು ಬಂತು. ಅಪ್ಪ ಅದನ್ನು ರಾಯರ ಮಠಕ್ಕೆ ಕೊಂಡೊಯ್ದು, ನಂಜನಗೂಡಿನಿಂದ ಬಂದಿದ್ದ ಅರ್ಚಕರ ಕೈಲಿ ಓದಿಸಿಕೊಂಡು ಬಂದರು.

“ಏನು ಬರ್ದಿದಾನೆ?” ಅಮ್ಮ ಬಾಗಿಲ ಹಿಂದಿನಿಂದ ಕೇಳಿದಳು.

“ಕಾಲೇಜಲ್ಲಿ ಸದ್ಯಕ್ಕೆ ಅವಕಾಶ ಇದೆ, ನಿಮ್ಮ ತೀರ್ಮಾನ ತಿಳಿಸಿ ಅಂತ.”

“ಅವಕಾಸಂ ಇರುಕ್ಕುಲ್ಲೀಂಗೊ, ಅಪ್ಪುರಂ ಎನ್ನ?” ಎಂದು ಮಯಿಲ್‌ಸಾಮಿ ಕಾಲು ಚಾಚಿದರು. ಸಮಯ ಇದೆಯಲ್ಲ, ಇನ್ನೇನು ಅವಸರ ಎಂದು.

ಮತ್ತೆ ಎರಡು ವಾರ ಹಾಲಿನ ರುಚಿ, ಚಳಿ, ಮಠ, ಕಾಫಿಪುಡಿ. ಅಮ್ಮ ಕಾಫಿ ಸೋಸಿ ಸೋಸಿ ಸಾಕಾಗಿ ಒಮ್ಮೆ ಕೇಳಿದಳು, “ಸೇರಕ್ಕೆ ಕಡೇ ದಿನ ಯಾವತ್ತು ಅಂತ ಕೇಳಿದ್ರಾ?”

“ತುಳಸಮ್ಮಾ, ಅವಕಾಶ ಇದೆ ಅಂತ ಬರ್ದವ್ನಲ್ಲಾ. ನೀ ಒಳಗೆ ನೋಡಮ್ಮಾ” ಎಂದರು ದೊಡ್ಡಪ್ಪ.

ಅಮ್ಮ ಒಳಗೆ ಹೋದಳು. ನಾನೂ ಸುಮ್ಮನಿದ್ದೆ, ಅದಕ್ಕೆ ಇಂದಿಗೂ ನನ್ನ ಮೇಲೆ ನನಗೇ ಕೋಪ.

ಜೂನ್ ಇಪ್ಪತ್ತರಂದು ಬೆಳಿಗ್ಗೆ ರಾಮಚಂದ್ರ ಚಿಕ್ಕಪ್ಪನೇ ಬಸ್ಸಿಳಿದು ಬಂದ. ಕೈಕಾಲು ತೊಳೆಯುವ ಮೊದಲೇ ಕೇಳಿದ, “ಏನಣ್ಣಾ, ಉತ್ತರಾನೂ ಇಲ್ಲ, ನೀವೂ ಇಲ್ಲ. ಕಾಲೇಜಿನಲ್ಲಿ ಸೀಟೆಲ್ಲ ಭರ್ತಿಯಾಗಿ ವಾರವಾಯಿತು.”

“ಭರ್ತಿಯಾ? ಅವಕಾಶ ಇದೆ ಅಂತ ಬರ್ದಿದ್ಯಲ್ಲಾ!”

“ಹೌದು, ಅವಕಾಶ ಇದೆ ಅಂತಲೇ ಬರೆದೆ. ಮತ್ತೆ ಯಾಕೆ ಬರಲಿಲ್ಲ?”

“ಅವಕಾಶ ಇದೆ ಅಂತ ಬರ್ದದ್ದಕ್ಕೇ ಬರ್ಲಿಲ್ಲ!”

ಇಬ್ಬರೂ ಮುಖಮುಖ ನೋಡಿಕೊಂಡರು. ಮೈಸೂರಿನವನಿಗೆ ಅವಕಾಶ ಎಂದರೆ ಸೀಟು, ಬಿಟ್ಟರೆ ಹೋಗುವಂಥದ್ದು. ತಲೆಮಾರುಗಳಿಂದ ತಮಿಳರ ನಡುವೆ ಬಾಳಿದ ನಮಗೆ ಅವಕಾಶ ಎಂದರೆ ಸಮಯ, ಪುರುಸೊತ್ತು. ಬೇಗ ಬನ್ನಿ ಎಂದು ಅವನು ಬರೆದರೆ ಇವರು ನಿಧಾನವಾಗಿ ಬನ್ನಿ ಎಂದು ತಿಳಿದುಕೊಂಡಿದ್ದರು.

ಅರ್ಥವಾದ ಮೇಲೆ ಅವರು ಏನು ಮಾಡಿದರು ಗೊತ್ತೆ? ನಕ್ಕರು. ದೊಡ್ಡಪ್ಪ ಅದನ್ನು ತಮಿಳಿನಲ್ಲಿ ಮಯಿಲ್‌ಸಾಮಿಗೆ ವಿವರಿಸಿದರು, ಅವರು ತೊಡೆ ತಟ್ಟಿಕೊಂಡು ನಕ್ಕರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನನ್ನ ಒಂದು ವರ್ಷ ಅವರಿಗೆ ಒಂದು ತಮಾಷೆಯಾಯಿತು.

“ಹೋಗ್ಲಿ ಬಿಡು ಕಣ್ಣು, ಅಡುತ್ತ ವರ್ಷ ಸೇರಿದ್ರಾಯ್ತು” ಎಂದು ಅಪ್ಪ ಮುಂದಿನ ವರ್ಷಕ್ಕೆ ತಳ್ಳಿದರು.

“ಅಷ್ಟರೊಳಗೆ ಒಳ್ಳೇ ಸಂಬಂಧ ಬಂದ್ರೆ ಅದೂ ಆಯ್ತು” ಎಂದರು ದೊಡ್ಡಪ್ಪ.

ನನಗೆ ಮೈಯೆಲ್ಲ ಉರಿದುಹೋಯಿತು. “ನಿಮ್ಮ ನಿದ್ದೆಗೆ, ನಿಮ್ಮ ಕಾಫಿಗೆ ಊರು ನೋಡಿದ್ರಿ! ಓದೋಳು ನಾನು. ನನ್ನ ಒಂದು ಮಾತು ಕೇಳಿದ್ರಾ?” ಎಂದು ಕೂಗಿದೆ. ಹಿರಿಯರೆದುರು ನಾನು ದನಿ ಎತ್ತಿದ್ದು ಅದೇ ಮೊದಲು. ತಿಣ್ಣೆಯ ಮೇಲೆ ನಗು ನಿಂತಿತು.

ಅಮ್ಮ ಹೊರಗೆ ಬಂದಳು. ಬಾಗಿಲ ಹಿಂದೆ ಅಲ್ಲ, ಎಲ್ಲರೆದುರಿಗೆ. “ಕೋಯಮತ್ತೂರಲ್ಲಿ ಕಡೇ ದಿನ ಯಾವತ್ತು?” ಎಂದು ನನ್ನನ್ನೇ ಕೇಳಿದಳು.

“ನಾಳೆ. ಪೇಪರಲ್ಲಿ ಬಂದಿತ್ತು.”

“ಸೈನ್ಸ್ ಇದ್ಯಾ?”

“ಇದೆ.”

“ಸೀರೆ ಎರಡು ಮಡಿಸಿಟ್ಕೋ. ಸರ್ಟಿಫಿಕೇಟ್ ಮರೀಬೇಡ.”

ಅಪ್ಪ ಏನೋ ಹೇಳಲು ಬಾಯಿ ತೆರೆದರು. ಅಮ್ಮ ಆಗಲೇ ಒಲೆ ಆರಿಸಲು ಒಳಗೆ ಹೋಗಿದ್ದಳು.

ಆ ರಾತ್ರಿ ನಾನೂ ಅಮ್ಮನೂ ಕೋಯಮತ್ತೂರಿನಲ್ಲಿ ಅಮ್ಮನ ಅಕ್ಕ ಸರಸ್ವತಮ್ಮನ ಮನೆಯಲ್ಲಿ ಮಲಗಿ, ಬೆಳಿಗ್ಗೆ ಕಾಲೇಜಿನ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತೆವು. ಗುಮಾಸ್ತ ನನ್ನ ಮಾರ್ಕು ನೋಡಿ ಅರ್ಜಿ ತೆಗೆದುಕೊಟ್ಟ. ಪೋಷಕರ ರುಜು ಇರಬೇಕಾದ ಜಾಗಕ್ಕೆ ಬೆರಳಿಟ್ಟು, ಅಪ್ಪ ಬಂದಿಲ್ಲವೇ ಎಂದು ಕೇಳಿದ.

“ನಾ ಬಂದಿದೀನಲ್ಲ” ಎಂದು ಅಮ್ಮ ತಮಿಳಿನಲ್ಲಿ ಹೇಳಿ ಲೇಖನಿ ಕೈಗೆ ತೆಗೆದುಕೊಂಡಳು. ಅವಳಿಗೆ ಬರುತ್ತಿದ್ದುದು ತಮಿಳು ಅಕ್ಷರ ಮಾತ್ರ. ಒಂದೊಂದೇ ಅಕ್ಷರ ಒತ್ತಿ ಒತ್ತಿ ತುಳಸಮ್ಮ ಎಂದು ಬರೆದಳು. ನನಗೆ ಸೀಟು ಸಿಕ್ಕಿತು.

ನಾಲ್ಕನೇ ದಿನ ಅಪ್ಪ ಸರಸ್ವತಮ್ಮನ ಮನೆ ಬಾಗಿಲಿಗೆ ಬಂದರು. ಹೊರಗೇ ನಿಂತು, “ಹೀಗೆ ನನ್ನ ಒಂದು ಮಾತೂ ಕೇಳ್ದೆ ಹೊರಟು ಬಂದ್ರೆ ಏನರ್ಥ? ಯಾವ ಊರು ಅಂತ ಇನ್ನೂ ತೀರ್ಮಾನವೇ ಆಗಿಲ್ಲ” ಎಂದರು.

“ನಮಗೆ ಆಯ್ತು. ಮುಂದಿನ ಬೀದೀಲಿ ಎರಡು ರೂಮಿನ ಮನೆ ನೋಡಿದೀನಿ, ನಾನೂ ಇವಳೂ ಅಲ್ಲಿರ್ತೀವಿ” ಎಂದಳು ಅಮ್ಮ, ಹೂ ಕಟ್ಟುವುದನ್ನು ನಿಲ್ಲಿಸದೆ. “ನಿಮಗೆ ಯಾವೂರು ಒಗ್ಗತ್ತೋ ನೀವು ಅಣ್ಣತಮ್ಮ ಕೂತು ತೀರ್ಮಾನ ಮಾಡಿ, ಒಂದು ಕಾರ್ಡ್ ಹಾಕಿ. ತಮಿಳಲ್ಲಿ ಹಾಕಿ, ನಾ ಓದ್ಕೋತೀನಿ.”

ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದರು. ನಾನು ಒಂದು ಚೊಂಬು ನೀರು ತಂದು ಅವರ ಮುಂದಿಟ್ಟೆ.