ಎರಡನೇ ಗೇಟಿನ ತಪ್ಪು

ಕಾಪುವಿನ ಎಡ್ಮಂಡ್ ಬರೆದ ಇತಿಹಾಸ ಒಟ್ಟು ಹದಿನೇಳು ಪುಟ. ಅದರಲ್ಲಿ ಹದಿನಾರು ಪುಟಗಳಲ್ಲಿ ಏನೂ ನಡೆಯುವುದಿಲ್ಲ. ಇದಕ್ಕೆ ಲೇಖಕನನ್ನು ದೂರುವಂತಿಲ್ಲ. ವಾಯುನೆಲೆ ಕಾಯುವ ಪೊಲೀಸ್ ತುಕಡಿಯ ಸಾಧನೆ ಎಂದರೆ ಏನೂ ನಡೆಯದೆ ಇರುವುದೇ. ಪಂಜಾಬಿನ ಆ ತುಕಡಿಗೆ ಈ ವರ್ಷ ಐವತ್ತು ತುಂಬುತ್ತದೆ. ಸ್ಮರಣ ಸಂಚಿಕೆಗೆ ಇತಿಹಾಸ ಬರೆದು ಕಳಿಸಿ ಎಂದು ನಿವೃತ್ತ ವಾರಂಟ್ ಆಫೀಸರ್ ಎಡ್ಮಂಡನಿಗೆ ಪತ್ರ ಬಂದಿತ್ತು. ಅವನಿಗೆ ಗೊತ್ತಿದ್ದದ್ದು ಡ್ಯೂಟಿ ರಿಜಿಸ್ಟರಿನ ಶೈಲಿ ಒಂದೇ. ‘ಬೇಲಿ ಸರಿ. ಬೀಗ ಸರಿ. ನಾಯಿ ಸರಿ.’

“ಇದನ್ನು ಯಾರು ಓದುತ್ತಾರೆ?” ಎಂದಳು ಹೆಂಡತಿ ವೆರೊನಿಕಾ. “ನಾಯಿಯಾದರೂ ಒಮ್ಮೆ ತಪ್ಪಿಸಿಕೊಳ್ಳಲಿಲ್ವಾ?”

ಹದಿನೇಳನೆಯ ಪುಟವನ್ನು ಅವಳಿಗೆ ತೋರಿಸಿರಲಿಲ್ಲ. ಅದನ್ನು ಮೊದಲು ಕಾರ್ಕಳದ ಕರುಣಾಕರ ಕೇಳಬೇಕಿತ್ತು. ಮೂವತ್ತು ವರ್ಷದ ಹಿಂದೆ ಅವರಿಬ್ಬರೂ ಆ ತುಕಡಿಯಲ್ಲಿ ಕಾರ್ಪೊರಲ್‌ಗಳು. ಬರಹ ಸೋಮವಾರ ಅಂಚೆಗೆ ಬೀಳಬೇಕು. ಹಾಗಾಗಿ ಭಾನುವಾರ ಇಗರ್ಜಿಯಿಂದ ನೇರ, ಒಂದು ಚೀಲ ಮಟ್ಟುಗುಳ್ಳ ಬದನೆಯೊಂದಿಗೆ, ಗಂಡ ಹೆಂಡತಿ ಕಾರ್ಕಳಕ್ಕೆ ಹೋದರು.

ಕರುಣಾಕರನ ಹೆಂಡತಿ ಮನೋರಮಾ ಚಾ ತಂದಿಟ್ಟಳು. ಎಡ್ಮಂಡ್ ಎದ್ದು ನಿಂತು, ಕನ್ನಡಕ ಹಾಕಿ, ಓದಿದ:

“1994ರ ಭದ್ರತಾ ಪರೀಕ್ಷೆಯ ದಿನ, ನಮ್ಮನ್ನು ಪರೀಕ್ಷಿಸಲು ಒಬ್ಬ ಅಧಿಕಾರಿ ಗ್ಯಾಸಿನವನ ವೇಷದಲ್ಲಿ ಎರಡನೇ ಗೇಟಿಗೆ ಬಂದರು. ಪಾಸ್ ಇರಲಿಲ್ಲ. ನನ್ನ ಎದೆಯ ಮೇಲಿನ ಹೆಸರುಪಟ್ಟಿ ನೋಡಿ, ‘ಜೆವಾಣ್ ಜಾಲೆಂ?’ ಎಂದರು. ಊಟ ಆಯಿತಾ ಎಂದು ಕೊಂಕಣಿಯಲ್ಲಿ ಯಾರಾದರೂ ನನ್ನನ್ನು ಕೇಳಿ ಎರಡು ವರ್ಷವಾಗಿತ್ತು. ನಾನು ಗೇಟು ತೆರೆದೆ. ಸಿಲಿಂಡರನ್ನು ಅವರ ಹೆಗಲಿಗೂ ಏರಿಸಿದೆ. ಅರ್ಧ ಗಂಟೆಯಲ್ಲಿ ಯುದ್ಧವಿಮಾನದ ಮೂಗಿನ ಮೇಲೆ ‘ಬಾಂಬ್’ ಎಂದು ಬರೆದ ಕಾಗದ ಅಂಟಿತ್ತು; ಪರೀಕ್ಷೆಯ ಲೆಕ್ಕದಲ್ಲಿ ವಿಮಾನ ಹೋದಂತೆ. ಅಧಿಕಾರಿಯ ವರದಿಯಲ್ಲಿ ಗೇಟಿನವನ ಹೆಸರಿರಲಿಲ್ಲ; ಆ ಪಾಳಿಯಲ್ಲಿದ್ದವರು ನಾವಿಬ್ಬರು. ಮರುವಾರ ನನ್ನ ಮದುವೆಯ ರಜೆ. ಅದು ತಪ್ಪಬಾರದೆಂದು ಕಾರ್ಪೊರಲ್ ಕರುಣಾಕರ ವಿಚಾರಣೆಯಲ್ಲಿ ತಪ್ಪನ್ನು ತನ್ನ ಮೇಲೆ ಹಾಕಿಕೊಂಡ.”

“ದೇವಾ!” ಎಂದಳು ವೆರೊನಿಕಾ. “ಅಂದರೆ ಮದುವೆಯ ಹಿಂದಿನ ದಿನದ ರೋಸ್ ಶಾಸ್ತ್ರದಲ್ಲಿ ತೆಂಗಿನ ಹಾಲು ಹಚ್ಚಲಿಕ್ಕೆ ಮದುಮಗನೇ ಇರುತ್ತಿರಲಿಲ್ಲ!”

ಕರುಣಾಕರ ಕಣ್ಣೊರೆಸಿಕೊಳ್ಳುತ್ತಾನೆ ಎಂದುಕೊಂಡಿದ್ದ ಎಡ್ಮಂಡ್. ಕರುಣಾಕರನ ಮುಖ ಕೆಂಪಾಗಿತ್ತು.

“ನಿನಗೆ ಎಂತ ಆಗಿದೆ ಮಾರಾಯ? ಮೂವತ್ತು ವರ್ಷದಿಂದ ಈ ಕಥೆ ಹೇಳುತ್ತಿದ್ದೇನೆ. ಹೆಬ್ರಿಯಲ್ಲಿ ಭಾವನ ಗೃಹಪ್ರವೇಶದಲ್ಲಿ ಹೇಳಿದ್ದೇನೆ. ನಿಟ್ಟೆಯಲ್ಲಿ ಮೈಕ್ ಹಿಡಿದು ಹೇಳಿದ್ದೇನೆ. ‘ವಿಮಾನ ಕಳಕೊಂಡ ಕರುಣಾಕರ’ ಎಂದರೆ ಊರಿಗೇ ಗೊತ್ತು. ಈಗ ಗೇಟಿನಲ್ಲಿ ನಾನು ಇರಲೇ ಇಲ್ಲ ಅಂದರೆ, ನಾನು ಎಲ್ಲಿದ್ದೆ?”

“ಕ್ಯಾಂಟೀನಿನಲ್ಲಿ. ಸಮೋಸ ತಿನ್ನುತ್ತಿದ್ದೆ.”

“ಅದನ್ನೂ ಬರೆದಿದ್ದೀಯಾ?”

“ಮುಂದಿನ ಸಾಲಿನಲ್ಲಿ ಉಂಟು. ಸಮಯ ಸಮೇತ.”

ಮನೋರಮಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕು ಎಡ್ಮಂಡನ ಕಡೆ ತಿರುಗಿದಳು. “ಪೊರ್ಬುಗಳೇ, ಇವರ ಕಥೆಯಲ್ಲಿ ಗ್ಯಾಸಿನವನು ತುಳು ಮಾತಾಡುತ್ತಾನೆ. ಹೋದ ವರ್ಷದಿಂದ ಅವನ ಹತ್ತಿರ ಪಿಸ್ತೂಲೂ ಉಂಟು.”

“ನೀನು ಸುಮ್ಮನಿರು ಮಾರಾಯ್ತಿ. ನೋಡು ಎಡ್ಮಂಡ್, ಹದಿನಾಲ್ಕು ದಿನ ಕ್ಯಾಂಪಿನಿಂದ ಹೊರಗೆ ಕಾಲಿಡದೆ ಶಿಕ್ಷೆ ಅನುಭವಿಸಿದ್ದು ನಾನು. ಆಮೇಲೆ ತಪ್ಪು ನಿನ್ನದು ಹೇಗಾಗುತ್ತದೆ?”

“ಗೇಟು ತೆರೆದ ಕೈ ನನ್ನದು. ಆ ಸಾಲು ತೆಗೆಯುವುದಿಲ್ಲ,” ಎಂದ ಎಡ್ಮಂಡ್. “ಸುಳ್ಳು ದಾಖಲೆಗೆ ಮೂವತ್ತು ವರ್ಷ ಸಾಕು.”

ಕರುಣಾಕರ ಗುಳ್ಳದ ಚೀಲವನ್ನು ಅವನ ಕಡೆಗೇ ತಳ್ಳಿದ. ಕೊನೆಗೆ ಎಡ್ಮಂಡನೇ ಹೇಳಿದ: “ಐವತ್ತು ವರ್ಷದ ವಿಚಾರಣೆಗಳಲ್ಲೆಲ್ಲ ನಮ್ಮವರು ತಪ್ಪನ್ನು ಇನ್ನೊಬ್ಬನ ಮೇಲೆ ಹಾಕಿದ್ದೇ. ತನ್ನ ಮೇಲೆ ಎಳೆದುಕೊಂಡವನು ಒಬ್ಬನೇ.”

“ಒಬ್ಬನೇಯಾ?”

“ನನಗೆ ಗೊತ್ತಿದ್ದ ಹಾಗೆ.”

ಕರುಣಾಕರ ಇದನ್ನು ಸ್ವಲ್ಪ ಯೋಚಿಸಿದ. ಗೃಹಪ್ರವೇಶಗಳಿಗೆ ಇದು ಹಳೆಯದಕ್ಕಿಂತ ಒಳ್ಳೆಯ ಕಥೆ ಎಂದು ಅವನಿಗೆ ಹೊಳೆದದ್ದು ಮುಖದಲ್ಲೇ ಕಾಣಿಸಿತು.

“ಅಂಥದ್ದನ್ನು ಒಂದೇ ಸಾಲಿನಲ್ಲಿ ಮುಗಿಸುವುದಾ ನೀನು?” ಎಂದು ಮೇಜಿನ ಮೇಲಿನ ಕಪ್ಪುಗಳನ್ನು ಪಕ್ಕಕ್ಕೆ ಸರಿಸಿದ. “ಪೆನ್ನು ತೆಗೆ. ವಿಚಾರಣಾಧಿಕಾರಿಯ ಮೀಸೆಯಿಂದ ಶುರು ಮಾಡುವ.”