ಸುಡದ ಕಂಬಳಿ

ಇಸ್ತ್ರಿ ಅಂಗಡಿಯವನಿಗೆ ಜಂಬ ಕೊಚ್ಚಿಕೊಳ್ಳಲು ಇದ್ದದ್ದು ಒಂದೇ ವಸ್ತು, ಮೇಜಿನ ಮೇಲೆ ಹಾಸಿದ್ದ ಬೂದು ಬಣ್ಣದ ದಪ್ಪ ಕಂಬಳಿ. ಕೆಂಡ ತುಂಬಿದ ಪೆಟ್ಟಿಗೆಯನ್ನು ಅರ್ಧ ಗಂಟೆ ಅದರ ಮೇಲೆ ಮರೆತರೂ ಒಂದು ಕಲೆ ಬೀಳುತ್ತಿರಲಿಲ್ಲ. ಬಟ್ಟೆ ಕೊಡಲು ಬಂದವರ ಮುಂದೆ ಬೇಕೆಂದೇ ಕೆಂಡವೊಂದನ್ನು ಅದರ ಮೇಲೆ ಉರುಳಿಸಿ, "ನೋಡಿ ಸ್ವಾಮಿ, ಸುಡೋದೇ ಇಲ್ಲ! ನಮ್ಮ ಭಾವಮೈದ ಕೊಟ್ಟಿದ್ದು," ಎನ್ನುತ್ತಿದ್ದ.

ಈ ಭಾವಮೈದ, ಅಂದರೆ ಹೆಂಡತಿಯ ತಮ್ಮ, ಹಳೆಯ ಕಾರ್ಖಾನೆಗಳನ್ನು ಕೆಡವುವ ಗುತ್ತಿಗೆದಾರ. ಇಪ್ಪತ್ತೆರಡು ವರ್ಷದ ಹಿಂದೆ ಒಂದು ಬಟ್ಟೆ ಗಿರಣಿಯನ್ನು ಬಿಚ್ಚುವಾಗ, ಅಲ್ಲಿನ ಬಾಯ್ಲರ್‌ಗೆ ಸುತ್ತಿದ್ದ ಹೊದಿಕೆಯನ್ನು ಕತ್ತರಿಸಿ ನೆಂಟರಿಷ್ಟರಿಗೆಲ್ಲ ಹಂಚಿದ್ದ. ಬಿಟ್ಟಿ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು ಎನ್ನುವ ಜನ. ಯಾರೂ ಬೇಡ ಎನ್ನಲಿಲ್ಲ. ಎಲ್ಲಕ್ಕಿಂತ ದೊಡ್ಡ ತುಂಡು ಅಕ್ಕನಿಗೆ. ಅದರ ಮೂಲೆಯಲ್ಲಿ ಗಿರಣಿಯ ಗುರುತಾದ ಕೆಂಪು ಚಕ್ರದ ಮುದ್ರೆಯಿತ್ತು. ತವರಿಂದ ಬಂದದ್ದೆಂದು ಅವಳು ಅದನ್ನು ಕಣ್ಣರೆಪ್ಪೆಯಂತೆ ಕಾಪಾಡಿದಳು.

ಕಾಪಾಡಿದ್ದು ಹೇಗೆ? ಬಡಿದು. ಮೇಜಿನ ಧೂಳು ಬಿಳಿ ಅಂಗಿಗೆ ಅಂಟಿದರೆ ಇಸ್ತ್ರಿಯವರ ಹೆಸರು ಕೆಟ್ಟಂತೆ. ಹಾಗಾಗಿ ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮುನ್ನ ಅವಳು ಕಂಬಳಿಯನ್ನು ಹಿತ್ತಿಲ ಹಗ್ಗಕ್ಕೆ ಹಾಕಿ ಕೋಲಿನಿಂದ ಬಡಿಯುತ್ತಿದ್ದಳು. ಎಷ್ಟು ಬಡಿದರೂ ಧೂಳು ಮುಗಿಯುತ್ತಿರಲಿಲ್ಲ. ಬಿಸಿಲಿಗೆ ಮಿನುಗುತ್ತ ಅವಳ ಕೂದಲ ಮೇಲೆ, ಹುಬ್ಬಿನ ಮೇಲೆ ಕೂರುತ್ತಿತ್ತು.

"ಏನ್ರೀ ಇದು, ಇದರ ಹೊಟ್ಟೇಲಿ ಒಂದು ಲಾರಿ ಧೂಳಿದೆಯಾ?" ಎಂದು ನಗುತ್ತಿದ್ದಳು.

"ಇನ್ನೆರಡು ಬಿಗಿ ಕಣೇ, ಹೋಗುತ್ತೆ," ಎಂದು ಅವನು ಒಳಗಿನಿಂದ ಕೂಗುತ್ತಿದ್ದ.

ಈಗ ಆ ಮಾತು ನೆನಪಾದರೆ ಅವನಿಗೆ ತನ್ನ ನಾಲಿಗೆಯ ಮೇಲೇ ಹೇಸಿಗೆಯಾಗುತ್ತದೆ.

ಹೋದ ತಿಂಗಳು ಅವಳಿಗೆ ಹಿತ್ತಿಲವರೆಗೆ ನಡೆಯುವುದೂ ಕಷ್ಟವಾಯಿತು. ಆಸ್ಪತ್ರೆಯಲ್ಲಿ ಎದೆಯಿಂದ ಎರಡು ಬಾಟಲಿ ನೀರು ತೆಗೆದರು. ಡಾಕ್ಟರಮ್ಮ ಎಕ್ಸ್‌ರೇ ಚಿತ್ರಗಳನ್ನು ನೋಡಿ, "ಯಾವ ಕಾರ್ಖಾನೇಲಿ ಕೆಲಸ ಮಾಡ್ತಿದ್ರಿ?" ಎಂದು ಕೇಳಿದರು.

"ನಾನಾ? ಕಾರ್ಖಾನೆ ಬಾಗಿಲೇ ನೋಡಿಲ್ಲ ತಾಯಿ."

"ಮನೇಲಿ ಹಳೇ ಶೀಟು, ಬೆಂಕಿಗೆ ಸುಡದಂಥ ಬಟ್ಟೆ, ಅಂಥದ್ದೇನಾದ್ರೂ?"

ಆಗಲೂ, ದಡ್ಡ ಶಿಖಾಮಣಿ, ಅವನು ಅದೇ ಹಳೆಯ ಜಂಬದಲ್ಲಿ ಬಾಯಿ ಹಾಕಿದ. "ಇದೆ ಮೇಡಂ, ಒಂದು ಕಂಬಳಿ ಇದೆ. ಕೆಂಡ ಹಾಕಿದ್ರೂ ಸುಡಲ್ಲ!"

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದರು. ಅದು ಆಸ್‌ಬೆಸ್ಟಾಸ್ ಎಂದರು. ಬಡಿದರೆ, ಕತ್ತರಿಸಿದರೆ ಕಣ್ಣಿಗೆ ಕಾಣದ ಎಳೆಗಳು ಏಳುತ್ತವೆ. ಉಸಿರಿನೊಂದಿಗೆ ಒಳಗೆ ಹೋದದ್ದು ಹೊರಗೆ ಬರುವುದಿಲ್ಲ, ಅಲ್ಲೇ ಚುಚ್ಚಿಕೊಂಡು ಕೂತು ಇಪ್ಪತ್ತು ಮೂವತ್ತು ವರ್ಷದ ಮೇಲೆ ಕಾಯಿಲೆಯಾಗಿ ಏಳುತ್ತದೆ. ಶ್ವಾಸಕೋಶದ ಪೊರೆಗೆ ಕ್ಯಾನ್ಸರ್. ನೋವು ಕಡಿಮೆ ಮಾಡಬಹುದು, ಗುಣ ಮಾಡಲಾಗದು. ಕಂಬಳಿಯನ್ನು ಇನ್ನು ಕೊಡವಬಾರದು, ಗುಡಿಸಬಾರದು. ಒದ್ದೆ ಮಾಡಿ, ದಪ್ಪ ಪ್ಲಾಸ್ಟಿಕ್‌ನಲ್ಲಿ ಎರಡು ಸುತ್ತು ಕಟ್ಟಿ, ಅದನ್ನು ವಿಲೇವಾರಿ ಮಾಡಲು ಗೊತ್ತಿದ್ದವರ ಕೈಗೆ ಕೊಡಬೇಕು.

ಮನೆಗೆ ಬಂದವನಿಗೆ ಎಲ್ಲೆಲ್ಲೂ ಅದೇ ಕಾಣತೊಡಗಿತು. ಬಲ್ಬಿನ ಮೇಲೆ ಬೂದು ನಾರು, ಮೇಜಿನ ಸಂದಿಯಲ್ಲಿ ಬೂದು ನಾರು, ಅವಳ ಬಾಚಣಿಗೆಯ ಹಲ್ಲಿನಲ್ಲೂ ಬೂದು ನಾರು. ಊಟಕ್ಕೆ ಕೂತವನು ಕಲಸಿದ ತುತ್ತನ್ನು ತಟ್ಟೆಗೇ ಬಿಟ್ಟ. ತಿಂದದ್ದೆಲ್ಲ ಅದರ ಜೊತೆಗೇ ಒಳಗಿಳಿದಿರಬೇಕಲ್ಲ ಇಷ್ಟು ವರ್ಷ! ಭಾವಮೈದನನ್ನು ಬಾಯಿಗೆ ಬಂದಂತೆ ಬೈದ.

"ಬೈಬೇಡಿ ರೀ," ಎಂದಳು ಹೆಂಡತಿ, ಎರಡು ಮಾತಿಗೊಮ್ಮೆ ಉಸಿರೆಳೆಯುತ್ತ. "ಮಾಡಿದವರ ಪಾಪ ಆಡಿದವರ ಬಾಯಲ್ಲಿ. ಅವನಿಗೇನು ಗೊತ್ತಿತ್ತು ಪಾಪ. ಪ್ರೀತಿಯಿಂದ ಕೊಟ್ಟ."

ಅವಳಿಗೆ ಉಳಿದಿದ್ದ ಸಮಾಧಾನ ಅದೊಂದೇ. ಅದನ್ನೂ ಕಿತ್ತುಕೊಳ್ಳಲು ಅವನಿಗೆ ಮನಸ್ಸಾಗಲಿಲ್ಲ. ಮೇಲಾಗಿ, ಗೊತ್ತಿದ್ದವರು ಎಂದರೆ ಅವನಿಗೆ ಗೊತ್ತಿದ್ದವನು ಭಾವಮೈದನೊಬ್ಬನೇ. ಫೋನ್ ಮಾಡಿ ಕರೆದ.

ಮರುದಿನ ಭಾವಮೈದ ಕಿತ್ತಳೆ ಹಣ್ಣಿನ ಚೀಲ ಹಿಡಿದು ಬಂದ. ಅಕ್ಕನ ಕಾಲ ಬಳಿ ಕೂತು ಗೊಳೋ ಎಂದು ಅತ್ತ. "ಅಕ್ಕಾ, ಗೊತ್ತಿದ್ರೆ ನಾನು ಕೊಡ್ತಿದ್ನಾ? ನಿನ್ನಾಣೆಗೂ ಗೊತ್ತಿರಲಿಲ್ಲ."

"ಅಳಬೇಡ ಕಣೋ," ಎಂದು ಅವಳು ತಮ್ಮನ ತಲೆ ಸವರಿದಳು. ನೋಡುತ್ತಿದ್ದ ಗಂಡನಿಗೆ ತಾನು ಬೈದದ್ದಕ್ಕೆ ನಾಚಿಕೆಯಾಯಿತು.

ಅಂಗಿಗಳಿಗೆ ಚಿಮುಕಿಸುತ್ತಿದ್ದ ಅದೇ ತಂಬಿಗೆಯಿಂದ ಅವನು ಕಂಬಳಿಗೆ ನೀರು ಹೊಯ್ದು ನೆನೆಸಿದ. ಭಾವಮೈದ ಹೋಗಿ ಕಾರಿನ ಡಿಕ್ಕಿಯಿಂದ ಪ್ಲಾಸ್ಟಿಕ್ ತಂದ. ಜೊತೆಗೆ ರಬ್ಬರಿನ ಒಂದು ಮಾಸ್ಕ್. ಎರಡು ಕೆನ್ನೆಗೂ ಗಾಳಿ ಸೋಸುವ, ಡಬ್ಬಿಯಂಥ ಫಿಲ್ಟರುಗಳು. ಪಟ್ಟಿಗಳನ್ನು ತಲೆಯ ಹಿಂದೆ ಚಕಚಕನೆ ಬಿಗಿದುಕೊಂಡ. ಫಿಲ್ಟರುಗಳು ಹೊಸವು, ರಬ್ಬರ್ ಮಾತ್ರ ಹಳೆಯದಾಗಿ ಬಿರುಕು ಬಿಟ್ಟಿತ್ತು. ಹಣೆಯ ಪಟ್ಟಿಯ ಮೇಲೆ ಒಂದು ಕೆಂಪು ಚಕ್ರ.

ಇಸ್ತ್ರಿಯವನು ಕಂಬಳಿಯ ಮೂಲೆ ನೋಡಿದ. ಮತ್ತೆ ಆ ಹಣೆ ನೋಡಿದ.

"ಇದು ಆ ಗಿರಣೀದೇ ಅಲ್ವೇನೋ?"

"ಹೂಂ ಭಾವ," ಎಂದ ಅವನು ಮಾಸ್ಕಿನೊಳಗಿಂದ, ಕೈಕೆಲಸದ ಗಮನದಲ್ಲಿ. "ಇದಿಲ್ದೆ ಬಾಯ್ಲರ್ ಹತ್ರ ಹೋಗ್ಲೇಬೇಡಿ ಅಂತ ಗಿರಣಿಯವರು ಆವಾಗ್ಲೇ ಕೊಟ್ಟಿದ್ರು." ಹೇಳಿದ ಮೇಲೆ ಅವನ ಕೈ ನಿಂತಿತು.

"ಮತ್ತೆ ಹೊದಿಕೆ?"

"ಹೂತುಬಿಡಿ ಅಂದಿದ್ರು... ಅಷ್ಟು ದೊಡ್ಡ ಗುಂಡಿ ಯಾರು ತೋಡ್ತಾರೆ ಭಾವ. ಒಂದೊಂದು ತುಂಡು, ಏನಾಗುತ್ತೆ ಅಂತ..."

ಥೂ! ಗುಂಡಿ ತೋಡುವ ಸೋಮಾರಿತನಕ್ಕೆ ಒಡಹುಟ್ಟಿದವಳ ಎದೆಯನ್ನೇ ಗುಂಡಿ ಮಾಡಿಕೊಂಡಿದ್ದ. ಇಸ್ತ್ರಿಯವನಿಗೆ ಅವನನ್ನು ಹೊಡೆಯಬೇಕು ಎನಿಸಿತು. ಮುಟ್ಟಲೂ ಅಸಹ್ಯವಾಯಿತು.

ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದ ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ತಮ್ಮನ ತಲೆ ಸವರಿದ್ದ ಕೈಯನ್ನು ಸೆರಗಿಗೆ ಮೆಲ್ಲಗೆ ಒರೆಸಿಕೊಂಡಳು. ಉಸಿರು ಕೂಡಿಸಿಕೊಳ್ಳಲು ಬಹಳ ಹೊತ್ತು ಹಿಡಿಯಿತು.

"ಅಷ್ಟು ದೊಡ್ಡ ತುಂಡು ಕೊಟ್ಟೆ," ಎಂದಳು, ಅವನ ಮಾಸ್ಕನ್ನೇ ನೋಡುತ್ತ. "ಇದನ್ನೂ ಒಂದು ಕೊಡಬಾರದಿತ್ತೇನೋ?"

ಮಾಸ್ಕಿನ ಒಳಗಿನಿಂದ ಸೋಸಿದ ಉಸಿರಿನ ಸದ್ದು ಬರುತ್ತಿತ್ತು.

ಅವಳು ಗಂಡನತ್ತ ತಿರುಗಿದಳು. "ರೀ, ಆ ಹಣ್ಣನ್ನೂ ಅದರ ಜೊತೆಗೇ ಕಟ್ಟಿಬಿಡಿ. ಎರಡು ಸುತ್ತು."

ಅವನು ಕಟ್ಟಿದ.